ನೇತ್ರಾಣಿಯ ಹರಕೆ ಆಡು ಮತ್ತು ಕಡಲಿಗೆ ಹಾಕುವ ಬೇಲಿ

ನೇತ್ರಾಣಿಯ ಕಡಿದಾದ ಬಂಡೆಯ ಅಂಚಿನಲ್ಲಿ ಆಡೊಂದು ನಿಂತಿತ್ತು. ಮುರ್ಡೇಶ್ವರದ ದಡದಿಂದ ಸುಮಾರು ಹತ್ತು ನಾಟಿಕಲ್ ಮೈಲಿ ದೂರ, ಸುತ್ತ ಎತ್ತ ನೋಡಿದರೂ ಉಪ್ಪುನೀರು. ಅಲ್ಲಿ ಆಡು! ದೋಣಿಯಲ್ಲಿದ್ದ ಉಳಿದವರು ಮಾಸ್ಕ್ ಏರಿಸಿಕೊಂಡು ನೀರಿಗಿಳಿಯುವ ಗಡಿಬಿಡಿಯಲ್ಲಿದ್ದರೆ ನಾನು ಕತ್ತು ಎತ್ತಿ ಮೇಲೆಯೇ ನೋಡುತ್ತ ಕುಳಿತೆ. ಯಾದಗಿರಿ ಜಿಲ್ಲೆಯ ಕಡೇಚೂರಿನ ಕಡೆಯ ನಮ್ಮಂಥವರಿಗೆ ಮೀನಿಗಿಂತ ಆಡು ಬೇಗ ಕಣ್ಣಿಗೆ ಬೀಳುತ್ತದೆ.

‘ಯಾರ ಆಡು ಅದು?’ ಎಂದು ದೋಣಿಯವರನ್ನು ಕೇಳಿದೆ.

‘ಯಾರದ್ದೂ ಅಲ್ಲ ಮಾರಾಯ್ರೆ, ಹರಕೆಯದ್ದು. ತಂದು ಬಿಟ್ಟು ಹೋಗ್ತಾರೆ. ಅದನ್ನು ಹಿಡಿಯೂದಿಲ್ಲ, ಕೊಯ್ಯೂದಿಲ್ಲ.’

ಕಾನೂನು ಇಲ್ಲ, ಕಾವಲುಗಾರ ಇಲ್ಲ, ಫಲಕವೂ ಇಲ್ಲ. ಆದರೂ ಆ ಆಡಿಗೆ ಯಾರೂ ಕೈ ಹಚ್ಚುವುದಿಲ್ಲ. ಕಡಲಿನಲ್ಲಿ ‘ಸಂರಕ್ಷಿತ ಪ್ರದೇಶ’ ಎಂದರೆ ಏನು ಎಂಬ ಬಗ್ಗೆ ನಾನು ಕೂಡಿಟ್ಟ ಪತ್ರಿಕಾ ತುಣುಕುಗಳೆಲ್ಲ ಆ ಮಾತಿನ ಮುಂದೆ ಸಪ್ಪೆ ಎನಿಸಿದವು.

ಕೊನೆಗೆ ನಾನೂ ನೀರಿಗೆ ಮುಖವಿಟ್ಟೆ. ಬಂಡೆಯ ಬುಡದಲ್ಲಿ ಹವಳ, ಅದನ್ನು ಕಚ್ಚಿ ತಿನ್ನುವ ಗಿಳಿಮೀನು, ಜೋಡಿಯಾಗಿ ಸುಳಿಯುವ ಚಿಟ್ಟೆಮೀನು. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದ ಮೇಲೆ ಈ ನೀಲಿ ನೀರು ನಮ್ಮ ಯಾದಗಿರಿಯ ಮಂದಿಗೂ ಹೊಸದಲ್ಲ. ಆದರೆ ತೆರೆಯ ಮೇಲೆ ನೋಡುವುದು ಬೇರೆ, ಮೂಗಿನ ತುದಿಗೆ ಮೀನು ಬಂದು ಇವನ್ಯಾರು ಎಂದು ವಿಚಾರಿಸುವುದು ಬೇರೆ. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಸುತ್ತುತ್ತಿತ್ತು. ಕಾಂಗ್ರೆಸ್ ಸ್ಥಾಪಿಸಿದ ಎ.ಒ. ಹ್ಯೂಮ್ ಅದಕ್ಕೂ ಮೊದಲು ಹಕ್ಕಿಗಳ ಹುಚ್ಚಿನವರು. 1870ರ ದಶಕದಲ್ಲಿ ಪಶ್ಚಿಮ ಕರಾವಳಿಯ ಉದ್ದಕ್ಕೂ ಹಡಗಿನಲ್ಲಿ ಬಂದಾಗ ಅವರು ಈ ದ್ವೀಪದ ಹದ್ದುಗಳ ಬಗ್ಗೆಯೂ ಬರೆದಿದ್ದರು. ಆ ಹದ್ದುಗಳ ಸಂತತಿ ಇನ್ನೂ ಇಲ್ಲೇ ಗೂಡು ಕಟ್ಟುತ್ತಿದೆ. ಇದೇ ಜಾಗವನ್ನು ನೌಕಾಪಡೆ ಗುಂಡು ಹಾರಿಸುವ ಗುರಿಯಾಗಿ ಬಳಸಿತು, ಪರಿಸರಪ್ರೇಮಿಗಳು ತಕರಾರು ತೆಗೆದರು ಎಂಬುದೂ ಇತಿಹಾಸ.

ಇಷ್ಟೆಲ್ಲ ಇದ್ದರೂ ರಾಜ್ಯದ ಮೊದಲ ಕಡಲ ವನ್ಯಜೀವಿಧಾಮ ಎಂಬ ಮುದ್ರೆ ಬಿದ್ದದ್ದು ನೇತ್ರಾಣಿಗಲ್ಲ. ಅದು ಹೊನ್ನಾವರದ ಅಪ್ಸರಕೊಂಡ–ಮುಗಳಿಗೆ ಸಿಕ್ಕಿತು. ಸುಮಾರು ಅರವತ್ತು ಚದರ ಕಿಲೋಮೀಟರ್, ಹೆಚ್ಚಿನದು ನೀರೇ. ಅಲ್ಲಿಂದ ದೂರವಿಲ್ಲದ ಕಾಸರಕೋಡ ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯ ಜತೆಗೆ ಮೀನುಗಾರರ ಮನೆಯವರೂ ಆ ಗೂಡುಗಳನ್ನು ಕಾಯುತ್ತಾರೆ. ಅದೇ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆದಿರುವುದೂ ಇದೇ ಮನೆಗಳಿಂದ. ಆಮೆ ಕಾಯುವವರು ಯಾರು ಎಂದು ಸರ್ಕಾರ ಬೇರೆ ಕಡೆ ಹುಡುಕಬೇಕಾಗಿಲ್ಲ.

ಮೀನುಗಾರರ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: ನಮ್ಮನ್ನು ಎಬ್ಬಿಸುತ್ತೀರಾ? ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ಕಲಮು ಇದಕ್ಕೆ ಉತ್ತರ ಬರೆದಿಟ್ಟಿದೆ. ಕಡಲಿನ ಭಾಗವನ್ನು ವನ್ಯಜೀವಿಧಾಮಕ್ಕೆ ಸೇರಿಸುವುದಾದರೆ ಕೇಂದ್ರದ ಒಪ್ಪಿಗೆ ಬೇಕು, ಗಡಿಯನ್ನು ನೌಕಾಪಡೆಯ ಮುಖ್ಯ ಜಲಮಾಪಕರ ಜತೆ ಚರ್ಚಿಸಿ ಗುರುತಿಸಬೇಕು, ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯುವ ಕ್ರಮವನ್ನೂ ಕೈಗೊಂಡಿರಬೇಕು. ನಿರುಪದ್ರವಿ ಹಡಗು, ದೋಣಿಗಳ ಓಡಾಟಕ್ಕೆ ತಡೆಯಿಲ್ಲ. ಚೆನ್ನಾದ ಮಾತುಗಳು. ಆದರೆ ಈ ಕಲಮನ್ನು ಬಂದರಿನಲ್ಲಿ ಕನ್ನಡದಲ್ಲಿ ಓದಿ ಹೇಳಿದವರನ್ನು ನಾನಂತೂ ಕಾಣಲಿಲ್ಲ.

ಗೆರೆ ಎಳೆದ ಮಾತ್ರಕ್ಕೆ ಕಡಲು ಉಳಿಯುವುದಿಲ್ಲ. ಯುರೋಪಿನ 727 ಸಂರಕ್ಷಿತ ಕಡಲ ಪ್ರದೇಶಗಳನ್ನು ಪರಿಶೀಲಿಸಿದ 2018ರ ಅಧ್ಯಯನಕ್ಕೆ ಕಂಡದ್ದು: ನೂರಕ್ಕೆ 59ರಲ್ಲಿ ಟ್ರಾಲರ್‌ಗಳು ತಳ ಗುಡಿಸುತ್ತಲೇ ಇದ್ದವು, ಅದೂ ಹೊರಗಿಗಿಂತ ಒಳಗೇ ಜೋರಾಗಿ. ಇದಕ್ಕೆ ಎದುರಾಗಿ ಮೆಕ್ಸಿಕೋದ ಕಾಬೊ ಪುಲ್ಮೊ. ಊರಿನವರೇ ಮುಂದಾಗಿ 1995ರಲ್ಲಿ ಉದ್ಯಾನ ಮಾಡಿಸಿಕೊಂಡು ಬಲೆ ನಿಲ್ಲಿಸಿದರು. 1999ರಿಂದ 2009ರ ಹೊತ್ತಿಗೆ ಅಲ್ಲಿನ ಮೀನಿನ ಒಟ್ಟು ತೂಕ ಶೇ 463ರಷ್ಟು ಏರಿತು. 2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಜಗತ್ತಿನ ದೇಶಗಳು 2030ರೊಳಗೆ ನೆಲದ ಜತೆ ಕಡಲಿನ ಶೇ 30ನ್ನೂ ರಕ್ಷಿಸುವುದಾಗಿ ಮಾತು ಕೊಟ್ಟಾಗ ಕಡಲಿನ ಲೆಕ್ಕ ಶೇ 8ರ ಆಸುಪಾಸಿನಲ್ಲಿತ್ತು. ಆ ಶೇ 30ರಲ್ಲಿ ಕಾಬೊ ಪುಲ್ಮೊ ಎಷ್ಟು, ಯುರೋಪಿನ ಮಾದರಿ ಎಷ್ಟು ಎಂಬುದೇ ನನ್ನ ಅನುಮಾನ.

ಮತ್ತೆ ಆಡಿನ ವಿಚಾರ, ಬಿಡಲು ಮನಸ್ಸಾಗುತ್ತಿಲ್ಲ. ದ್ವೀಪದಲ್ಲಿ ಆಡು ಎಂದರೆ ಸಂರಕ್ಷಣಾ ವಿಜ್ಞಾನಿಗಳು ಬೆಚ್ಚಿ ಬೀಳುತ್ತಾರೆ. ಗಲಾಪಗೋಸ್‌ನಲ್ಲಿ ಹಿಂದೊಮ್ಮೆ ಯಾರೋ ಬಿಟ್ಟ ಆಡುಗಳು ದೈತ್ಯ ಆಮೆಗಳ ಮೇವನ್ನೆಲ್ಲ ಬೋಳಿಸಿದವು. 1997ರಿಂದ 2006ರವರೆಗೆ ‘ಪ್ರಾಜೆಕ್ಟ್ ಇಸಬೆಲಾ’ ಎಂಬ ಹೆಸರಿನಲ್ಲಿ 1.4 ಲಕ್ಷಕ್ಕೂ ಹೆಚ್ಚು ಆಡುಗಳನ್ನು ಹೆಲಿಕಾಪ್ಟರ್‌ನಿಂದಲೂ ನೆಲದಿಂದಲೂ ಕೊಂದರು. ಕೊನೆಗೆ ಅಡಗಿದವನ್ನು ಪತ್ತೆ ಹಚ್ಚಲು ಮಾಡಿದ ಉಪಾಯ ಕೇಳಿ: ಕೆಲವು ಆಡುಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಬಿಟ್ಟರು. ಆಡು ಒಂಟಿಯಾಗಿ ಇರಲಾರದು, ಹಿಂಡು ಹುಡುಕಿಕೊಂಡು ಹೋಗುತ್ತದೆ. ಹಿಂದೆಯೇ ಕೋವಿ. ಈ ಗುಣ ನಮ್ಮೂರ ಆಡು ಕಾಯುವ ಹುಡುಗರಿಗೆ ಗೊತ್ತಿರುವುದೇ, ಅದಕ್ಕೆ ರೇಡಿಯೊ ಬೇಕಾಗಿರಲಿಲ್ಲ. ನೇತ್ರಾಣಿಯ ಆಡುಗಳು ಅಲ್ಲಿನ ಗಿಡಗಳಿಗೆ ಏನು ಮಾಡುತ್ತಿವೆ ಎಂದು ಯಾರಾದರೂ ನೆಟ್ಟಗೆ ಕುಳಿತು ಲೆಕ್ಕ ಹಾಕಬೇಕು. ಹರಕೆಯವರನ್ನೂ ಕೂರಿಸಿಕೊಂಡೇ ಹಾಕಬೇಕು.

ಕಡಲೇ ಇಲ್ಲದ ಜಿಲ್ಲೆಯವನಿಗೆ ಈ ಉಸಾಬರಿ ಯಾಕೆ ಎನ್ನಬಹುದು. ನಮಗೆ ಪರಿಚಿತವಾದ ‘ರಕ್ಷಿತ’ ನೀರು ಸುರಪುರದ ಬೋನಾಳ ಕೆರೆ. ಸುರಪುರದ ನಾಯಕರ ಕಾಲದ್ದು, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ದುರಸ್ತಿ ಮಾಡಿಸಿದ್ದು, ಈಗ ಪಕ್ಷಿಧಾಮ. ಆದರೆ ನಮ್ಮ ನೀರು ಕೆರೆಯಲ್ಲೇ ನಿಲ್ಲುವುದಿಲ್ಲ. ಭೀಮೆ ಕೃಷ್ಣೆಯನ್ನು ಸೇರಿ, ಕೃಷ್ಣೆ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ ಸೇರುತ್ತದೆ. ಅಲ್ಲಿ ಕೃಷ್ಣಾ ವನ್ಯಜೀವಿಧಾಮವಿದೆ: ಕಾಂಡ್ಲಾ ಕಾಡು, ಮೀನು ಹಿಡಿಯುವ ಕಾಡುಬೆಕ್ಕು, ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ರಾಸಾಯನಿಕ ಘಟಕಗಳ ವಾಸನೆ, ನೀರಿನ ಬಗ್ಗೆ ಸುತ್ತಲ ಹಳ್ಳಿಗಳು ದೂರುತ್ತಲೇ ಬಂದಿವೆ. ಹಳ್ಳಕ್ಕೆ ಬಿದ್ದದ್ದು ಹಳ್ಳದಲ್ಲೇ ಉಳಿಯದು. ವನ್ಯಜೀವಿಧಾಮದ ಗಡಿಕಲ್ಲು ಟ್ರಾಲರನ್ನಾದರೂ ತಡೆದೀತು, ಮೇಲಿನಿಂದ ಹರಿದು ಬರುವ ನೀರನ್ನು ತಡೆಯಲಾರದು.

ಮೀನುಗಾರರಿಗೆ ನಿಷೇಧ ಹೊಸದೇನಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುತ್ತವೆ. ನಾಡದೋಣಿಗಳಿಗೆ ವಿನಾಯಿತಿ. ಗೊಣಗಿದರೂ ಪಾಲಿಸುತ್ತಾರೆ, ಯಾಕೆಂದರೆ ಆಗಸ್ಟ್‌ನ ಬಲೆಯಲ್ಲಿ ಅದರ ಫಲ ಅವರಿಗೇ ಸಿಗುತ್ತದೆ. ಒಡಿಶಾದ ಗಹಿರ್ಮಾಥಾದಲ್ಲಿ, 1997ರಿಂದ ಅದೂ ಕಡಲ ವನ್ಯಜೀವಿಧಾಮ, ಆಮೆಗಳಿಗಾಗಿ ನವೆಂಬರ್‌ನಿಂದ ಮೇ ತನಕ ಮೀನುಗಾರಿಕೆ ಬಂದ್. ಏಳು ತಿಂಗಳು ಒಲೆ ಹೊತ್ತಿಸುವುದು ಹೇಗೆ ಎಂಬುದು ಅಲ್ಲಿನ ಜಗಳ. ಅದನ್ನು ಆಮೆಯ ವಿರೋಧಿಗಳ ಕೂಗು ಎಂದು ತಳ್ಳಿಹಾಕುವವರ ಜತೆ ನಾನಿಲ್ಲ.

ಅಪ್ಸರಕೊಂಡ–ಮುಗಳಿಯ ನಿರ್ವಹಣಾ ಯೋಜನೆ ಮೊದಲು ಕನ್ನಡದಲ್ಲಿ ಬರಲಿ. ಯಾವ ಬಲೆ, ಯಾರ ದೋಣಿ, ಯಾವ ತಿಂಗಳು ಬೇಡ ಎಂಬುದು ಮೀನು ಇಳಿಸುವ ಜೆಟ್ಟಿಯ ಗೋಡೆಯ ಮೇಲೆ ಓದುವಂತಿರಲಿ. ಕೈತಪ್ಪುವ ದುಡಿಮೆಗೆ ಪರಿಹಾರ ಎಷ್ಟು ಎಂಬ ಸಾಲೂ ಅದರ ಪಕ್ಕದಲ್ಲೇ ಇರಲಿ. ಇಷ್ಟಾದ ಮೇಲೆ ಎರಡನೆಯ ಅಧಿಸೂಚನೆ ನೇತ್ರಾಣಿಯದಾಗಲಿ. ಇತ್ತ ಯಾದಗಿರಿಯಲ್ಲಿ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಗಳ ನೀರಿನ ಪರೀಕ್ಷಾ ವರದಿಯನ್ನು ಪ್ರತಿ ಗ್ರಾಮಸಭೆಯಲ್ಲೂ ಕೇಳಿ ಪಡೆಯಿರಿ.