ಸೊಸೈಟಿ ಅಂಗಳದ ಹಿರಿಯ ಮರಗಳು: ಕಡಿಸುವ ಮೊದಲು ಬುಡ ನೋಡೋಣ

ಮಹಾನಗರ ಮುಂಬಯಿಯಲ್ಲಿ ಮಳೆಗಾಲ ಆರಂಭವಾಯಿತೆಂದರೆ ಮರ ಬಿದ್ದ ಸುದ್ದಿಗಳೂ ಆರಂಭವಾಗುತ್ತವೆ. 2017ರ ಜುಲೈ ತಿಂಗಳಲ್ಲಿ ಚೆಂಬೂರಿನಲ್ಲಿ ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಮಹಿಳೆಯೊಬ್ಬರ ಮೇಲೆ ತೆಂಗಿನ ಮರ ಬಿದ್ದು ಅವರು ಅಸುನೀಗಿದ ಘಟನೆಯನ್ನು ಯಾರೂ ಮರೆತಿಲ್ಲ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಬೀಸಿದಾಗ ನಗರದಲ್ಲಿ ನೂರಾರು ಮರಗಳು ಧರೆಗುರುಳಿದವು. ಇಂಥ ಸುದ್ದಿ ಬಂದ ವಾರ ನಮ್ಮ ಹೌಸಿಂಗ್ ಸೊಸೈಟಿಗಳ ಕಮಿಟಿ ಸಭೆಗಳಲ್ಲಿ ಕೇಳಿಬರುವ ಮಾತು ಒಂದೇ: "ನಮ್ಮ ಮರಕ್ಕೂ ವಯಸ್ಸಾಯಿತು, ಕಡಿಸಿ ಬಿಡುವ."

ಆದರೆ ವಯಸ್ಸಾದ ಮಾತ್ರಕ್ಕೆ ಮರ ಬೀಳುತ್ತದೆಯೇ? ಈ ಪ್ರಶ್ನೆಗೆ ನಮ್ಮ ಸೊಸೈಟಿ ಸ್ವಲ್ಪ ದುಬಾರಿ ಬೆಲೆ ತೆತ್ತೇ ಉತ್ತರ ಕಂಡುಕೊಂಡಿತು.

ಒಂದು ಬಿತ್ತು, ಒಂದು ಉಳಿಯಿತು

ಉಪನಗರದಲ್ಲಿರುವ ನಮ್ಮ ಸೊಸೈಟಿ 1970ರ ದಶಕದ್ದು. ಗೇಟಿನ ಒಂದು ಬದಿಗೆ ಗುಲ್‌ಮೊಹರ್, ಇನ್ನೊಂದು ಬದಿಗೆ ಮಳೆಮರ. ಮೊದಲು ಬಂದು ನೆಲೆಸಿದ ಕುಟುಂಬಗಳವರೇ ನೆಟ್ಟು ನೀರೆರೆದವು. ಗಣಪತಿಯ ಪೆಂಡಾಲ್, ಮಕ್ಕಳ ಕ್ರಿಕೆಟ್, ಊರಿನಿಂದ ಬಂದ ಅಮ್ಮಂದಿರ ಸಂಜೆಯ ಮಾತುಕತೆ ಎಲ್ಲವೂ ಅವುಗಳ ನೆರಳಿನಲ್ಲೇ ನಡೆದು ಬಂದಿದೆ.

ಕೆಲವು ವರ್ಷಗಳ ಹಿಂದೆ ಅಂಗಳ ಚೊಕ್ಕ ಕಾಣಲೆಂದು ಪೇವರ್ ಬ್ಲಾಕ್ ಹಾಕಿಸಲಾಯಿತು. ಗುಲ್‌ಮೊಹರ್ ಮರದ ಬುಡಕ್ಕೆ ತಾಗಿಸಿಯೇ ಬ್ಲಾಕ್ ಕೂಡಿಸಿದರು. ಜತೆಗೆ ನೀರಿನ ಪೈಪ್ ಹಾಕಲು ಗೇಟಿನ ಬದಿಯಲ್ಲಿ ಅಗೆದು, ಅಡ್ಡ ಬಂದ ಬೇರುಗಳನ್ನು ಕಡಿದು ಹಾಕಿದರು. ಆಗ ಕಮಿಟಿಯಲ್ಲಿದ್ದು, ಆ ಠರಾವಿಗೆ ಕೈಯೆತ್ತಿದವರಲ್ಲಿ ನಾನೂ ಒಬ್ಬ. ಅದರ ಮೂರನೇ ಮಳೆಗಾಲದಲ್ಲಿ, ಒಂದು ನಸುಕಿನಲ್ಲಿ ಗುಲ್‌ಮೊಹರ್ ಬುಡಸಮೇತ ಉರುಳಿತು. ವಾಚ್‌ಮನ್ ಪಂಪ್ ಹಾಕಲು ಹಿಂದಕ್ಕೆ ಹೋಗಿದ್ದರಿಂದ ಬದುಕಿಕೊಂಡ. ಅವನ ಕುರ್ಚಿ, ಎರಡು ಸ್ಕೂಟರ್ ಮರದಡಿ ಪುಡಿಯಾದವು. ಬೆಳಕಾದ ಮೇಲೆ ನೋಡಿದರೆ ಪೈಪ್ ಹೋದ ಬದಿಯಲ್ಲಿ ಮರಕ್ಕೆ ಬೇರೇ ಇರಲಿಲ್ಲ. ಉಳಿದ ತುಂಡುಗಳು ಕೊಳೆತು ಕಪ್ಪಾಗಿದ್ದವು.

ಮುಂದಿನ ಮಹಾಸಭೆಯಲ್ಲಿ ಮಳೆಮರವನ್ನೂ ಕಡಿಸಬೇಕೆಂದವರೇ ಹೆಚ್ಚು. "ನಾಳೆ ಜೀವ ಹೋದರೆ ಹೊಣೆ ಯಾರು?" ಎಂದವರ ಮಾತನ್ನು ತೆಗೆದು ಹಾಕುವಂತಿರಲಿಲ್ಲ. ಆಗ ಮೂರನೇ ಮಹಡಿಯ ಹಿರಿಯರೊಬ್ಬರು ಎದ್ದು, "ಅದನ್ನು ಬೀಳಿಸಿದ್ದು ನಾವೇ ಮಾರಾಯ್ರೆ. ಇದನ್ನಾದರೂ ಒಮ್ಮೆ ತಿಳಿದವರಿಗೆ ತೋರಿಸುವ, ಮತ್ತೆ ತೀರ್ಮಾನ ಮಾಡುವ" ಎಂದರು. ಸಭೆ ಒಪ್ಪಿತು. ತಿಳಿದವರು ಬಂದು ಬುಡದಿಂದ ತುದಿಯವರೆಗೆ ನೋಡಿ, ಮರ ಗಟ್ಟಿಯಿದೆ, ಒಣಗಿದ ನಾಲ್ಕು ಕೊಂಬೆಗಳನ್ನು ತೆಗೆಸಿದರೆ ಸಾಕು ಎಂದರು. ಆ ಮರ ಇಂದಿಗೂ ನಿಂತಿದೆ.

ಬೇರಿರುವುದು ಎಲ್ಲಿ?

ಮರದ ಮೇಲೆ ಎಷ್ಟೆತ್ತರವೋ ನೆಲದಡಿ ಅಷ್ಟೇ ಆಳ ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ವಾಸ್ತವದಲ್ಲಿ ನೀರು-ಗೊಬ್ಬರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇದ್ದು, ಕೊಂಬೆಗಳ ಹರಹನ್ನೂ ಮೀರಿ ಅಗಲಕ್ಕೆ ಹಬ್ಬಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಸಿಮೆಂಟ್ ಹಾಕಿದರೆ ಎರಡೂ ಇಲ್ಲವಾಗುತ್ತವೆ. ಎಳೆ ಮರ ಹೇಗೋ ಸಹಿಸಿಕೊಂಡು ಹೊಸ ಬೇರು ಬಿಡುತ್ತದೆ, ಮುದಿ ಮರಕ್ಕೆ ಆ ಶಕ್ತಿ ಕಡಿಮೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ದಿಲ್ಲಿಯ ಪ್ರಕರಣವೊಂದರಲ್ಲಿ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟ್ ತೆಗೆಯಬೇಕೆಂದು ಆದೇಶಿಸಿದ್ದು ಇದೇ ಕಾರಣಕ್ಕೆ. ಒಂದು ಮೀಟರ್ ಎಂಬುದು ಕನಿಷ್ಠ, ಜಾಗವಿದ್ದಲ್ಲಿ ಇನ್ನಷ್ಟು ಬಿಡುವುದು ಒಳ್ಳೆಯದು.

ಊರಿನ ಅಶ್ವತ್ಥಕಟ್ಟೆ ಕಂಡು ಬೆಳೆದ ನಮಗೆ ಮರದ ಬುಡಕ್ಕೆ ಕಟ್ಟೆ ಕಟ್ಟುವ ಆಸೆ ಸಹಜ. ಆದರೆ ಬೆಳೆದು ನಿಂತ ಮರದ ಕಾಂಡಕ್ಕೆ ಹೊಸದಾಗಿ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ, ಕೆಳಗಿನ ಬೇರು ಉಸಿರುಗಟ್ಟುತ್ತದೆ. ಬುಡದ ಸುತ್ತ ಒಣ ಎಲೆಗಳನ್ನು ತೆಳ್ಳಗೆ ಹರಡಿ, ಕಾಂಡಕ್ಕೆ ತಾಗದಂತೆ ಬಿಟ್ಟರೆ ಅದೇ ಗೊಬ್ಬರ.

ಪೊಟರೆ ಕಂಡು ಹೆದರಬೇಡಿ, ಅಣಬೆ ಕಂಡರೆ ಸುಮ್ಮನಿರಬೇಡಿ

ಹಳೆಯ ಮರದಲ್ಲಿ ಪೊಟರೆ ಇರುವುದು ಸಾಮಾನ್ಯ. ಮರದ ಒಳತಿರುಳು ಜೀವವಿಲ್ಲದ ಭಾಗ. ನೀರು, ಆಹಾರ ಸಾಗುವುದು ತೊಗಟೆಯ ಕೆಳಗಿನ ಪದರಗಳಲ್ಲಿ. ಆದ್ದರಿಂದ ಸುತ್ತಲಿನ ಕಟ್ಟಿಗೆ ದಪ್ಪವಾಗಿ ಗಟ್ಟಿಯಿದ್ದರೆ ಟೊಳ್ಳು ಮರವೂ ಹಲವು ವರ್ಷ ನಿಲ್ಲಬಲ್ಲದು. ಹಿಂದೆ ಪೊಟರೆಗೆ ಸಿಮೆಂಟ್ ತುಂಬುವ ಪದ್ಧತಿಯಿತ್ತು. ಸಿಮೆಂಟ್ ತೇವ ಹಿಡಿದಿಟ್ಟು ಕೊಳೆತವನ್ನು ಹೆಚ್ಚಿಸುತ್ತದೆಂದು ತಿಳಿದ ಮೇಲೆ ಅದನ್ನು ಕೈಬಿಡಲಾಗಿದೆ.

ನಿಜವಾಗಿ ಎಚ್ಚರ ವಹಿಸಬೇಕಾದ ಲಕ್ಷಣಗಳು ಬೇರೆಯೇ ಇವೆ. ಬುಡದಲ್ಲಿ ಅಥವಾ ಬೇರಿನ ಮೇಲೆ ಗಟ್ಟಿ ಅಣಬೆ ಏಳುವುದು, ನೆಟ್ಟಗಿದ್ದ ಮರ ಹೊಸದಾಗಿ ವಾಲಿ ಹಿಂಬದಿಯ ನೆಲ ಬಿರುಕು ಬಿಡುವುದು, ಎರಡು ದೊಡ್ಡ ಕೊಂಬೆಗಳು ಕೂಡುವ ಕವಲಿನಲ್ಲಿ ಸೀಳು ಕಾಣುವುದು, ತುದಿಯಿಂದ ಒಣಗುತ್ತಾ ಬರುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತಜ್ಞರಿಗೆ ತೋರಿಸಬೇಕು. ಮಳೆಮರಗಳಿಗೆ ಹಿಟ್ಟುತಿಗಣೆಯ ಕಾಟ ತಗಲಿ, ಕಳೆದ ದಶಕದಲ್ಲಿ ಮುಂಬಯಿಯಲ್ಲಿ ಅನೇಕ ಮರಗಳು ನಿಂತಲ್ಲೇ ಒಣಗಿದ್ದನ್ನೂ ನೆನಪಿಡಬೇಕು.

ತೆಂಗಿನ ವಿಷಯ ಬೇರೆ. ಅದರ ಕಾಂಡಕ್ಕೆ ಗಾಯ ಮುಚ್ಚಿಕೊಳ್ಳುವ ಶಕ್ತಿಯಿಲ್ಲ. ಹತ್ತಲೆಂದು ಕೊರೆದ ಕಚ್ಚು, ಹೊಡೆದ ಮೊಳೆ ಕೊನೆಯವರೆಗೂ ಹಾಗೆಯೇ ಉಳಿದು ಕೊಳೆಗೆ ದಾರಿಯಾಗುತ್ತದೆ. ಬುಡದಿಂದ ಕಂದು ಬಣ್ಣದ ರಸ ಸೋರಿದರೆ ಅದು ಅಣಬೆ ರೋಗದ ಗುರುತಿರಬಹುದೆಂದು ಊರಲ್ಲಿ ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಒಣಮಡಲು, ಬಲಿತ ಕಾಯಿಗಳನ್ನು ಮಳೆಗೆ ಮುನ್ನವೇ ಇಳಿಸಬೇಕು.

ಕೊಂಬೆ ಕಡಿಯುವ ಕ್ರಮ

ಮಳೆಗಾಲಕ್ಕೆ ಮುನ್ನ ಮರದ ತಲೆಯನ್ನೇ ಬೋಳಿಸಿ "ಹಗುರ" ಮಾಡಿಸುವುದು ನಮ್ಮಲ್ಲಿ ರೂಢಿಯಾಗಿದೆ. ಇದರಿಂದ ಮರ ಆಹಾರ ತಯಾರಿಸುವ ಎಲೆಗಳನ್ನೇ ಕಳೆದುಕೊಳ್ಳುತ್ತದೆ. ಕಡಿದ ಜಾಗದಲ್ಲಿ ಗೊಂಚಲಾಗಿ ಏಳುವ ಹೊಸ ಚಿಗುರುಗಳಿಗೆ ಕಟ್ಟಿಗೆಯೊಳಗೆ ಹಿಡಿತವಿರುವುದಿಲ್ಲ. ಅವು ದಪ್ಪವಾದಾಗ ಮುರಿದು ಬೀಳುವುದೇ ಹೆಚ್ಚು. ಹಿರಿಯ ಮರದಲ್ಲಿ ಒಣಗಿದ, ರೋಗ ಹಿಡಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನಷ್ಟೇ ತೆಗೆಯಬೇಕು.

ದೊಡ್ಡ ಕೊಂಬೆಯಾದರೆ ಮೂರು ಸಲ ಗರಗಸ ಹಾಕಬೇಕು. ಕಾಂಡದಿಂದ ಅಡಿಯಷ್ಟು ದೂರದಲ್ಲಿ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು, ಬಳಿಕ ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದು ಕೊಂಬೆ ಇಳಿಸಬೇಕು, ಕೊನೆಗೆ ಉಳಿದ ಮೋಟನ್ನು ತೆಗೆಯಬೇಕು. ಹೀಗೆ ಮಾಡಿದರೆ ತೊಗಟೆ ಸೀಳಿ ಕಾಂಡಕ್ಕೆ ಗಾಯವಾಗುವುದಿಲ್ಲ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದಂತೆ ಉಬ್ಬಿರುವ ಭಾಗವನ್ನು ಮುಟ್ಟಬಾರದು, ಗಾಯ ಮುಚ್ಚುವ ಕೆಲಸ ಶುರುವಾಗುವುದು ಅಲ್ಲಿಂದಲೇ. ಹಕ್ಕಿಗೂಡು ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಧರ್ಮ.

ಕಾನೂನು ಏನು ಹೇಳುತ್ತದೆ?

ಸೊಸೈಟಿಯ ಜಾಗದ ಮರವಾದರೂ ಮನಬಂದಂತೆ ಕಡಿಯುವಂತಿಲ್ಲ. ಮಹಾರಾಷ್ಟ್ರದ ನಗರ ಪ್ರದೇಶಗಳಲ್ಲಿ 1975ರ ವೃಕ್ಷ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ಮರ ಕಡಿಸಲು ವೃಕ್ಷ ಪ್ರಾಧಿಕಾರದ ವ್ಯವಸ್ಥೆಯಡಿ ಅನುಮತಿ ಬೇಕು, ತಪ್ಪಿದರೆ ಶಿಕ್ಷಾರ್ಹ ಅಪರಾಧ. ಕೊಂಬೆ ಸವರಲೂ ಮನಪಾ ವಾರ್ಡ್ ಕಚೇರಿಯ ಉದ್ಯಾನ ವಿಭಾಗಕ್ಕೆ ಅರ್ಜಿ ಕೊಡಬೇಕು. ಮೇ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಓಡುವುದರಿಂದ ಫೆಬ್ರವರಿ-ಮಾರ್ಚ್‌ನಲ್ಲೇ ಫೋಟೊ ಸಮೇತ ಅರ್ಜಿ ಕೊಟ್ಟು ಪ್ರತಿ ಇಟ್ಟುಕೊಳ್ಳುವುದು ಜಾಣತನ. ಮರ ಬಿದ್ದರೆ ಅಥವಾ ಬೀಳುವಂತಿದ್ದರೆ ಮನಪಾದ ಆಪತ್ಕಾಲೀನ ಸಂಖ್ಯೆ 1916ಕ್ಕೆ ಕರೆ ಮಾಡಬೇಕು.

2021ರ ತಿದ್ದುಪಡಿಯು 50 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಪರಿಗಣಿಸಿದೆ. ಅನುಮತಿ ಪಡೆದು ಮರ ಕಡಿದರೆ ಅದರ ವಯಸ್ಸಿನಷ್ಟು ಸಂಖ್ಯೆಯ ಗಿಡಗಳನ್ನು ನೆಡಬೇಕೆಂಬ ನಿಯಮವೂ ಬಂದಿದೆ. 1970ರ ದಶಕದಲ್ಲಿ ಕಟ್ಟಿದ ಸೊಸೈಟಿಗಳ ಮರಗಳು ಈಗ ಇದೇ ವಯಸ್ಸಿಗೆ ಬಂದಿವೆ, ಅವೇ ಸೊಸೈಟಿಗಳು ರಿಡೆವಲಪ್‌ಮೆಂಟಿಗೂ ಹೊರಟಿವೆ. ಬಿಲ್ಡರ್ ಜತೆ ಸಹಿ ಹಾಕುವ ಮುನ್ನ ಅಂಗಳದ ಮರಗಳ ಪಟ್ಟಿ ಮಾಡಿ, ಯಾವುದನ್ನು ಉಳಿಸಲಾಗುವುದೆಂದು ಕರಾರಿನಲ್ಲೇ ಬರೆಸಿಕೊಳ್ಳಬೇಕು.

ಸಂಘಗಳು ಮನಸ್ಸು ಮಾಡಿದರೆ

ನಮ್ಮ ಕನ್ನಡ ಸಂಘ-ಸಂಸ್ಥೆಗಳು ಜೂನ್ 5ರ ಪರಿಸರ ದಿನದಂದು ಗಿಡ ನೆಡುವ ಕಾರ್ಯಕ್ರಮವನ್ನು ಉತ್ಸಾಹದಿಂದ ನಡೆಸುತ್ತಾ ಬಂದಿವೆ. ಅದು ಶ್ಲಾಘನೀಯವೇ. ಅದರ ಜತೆಗೆ ವರ್ಷಕ್ಕೊಂದು ಭಾನುವಾರ, ಮಳೆಗೆ ಮೂರು ತಿಂಗಳ ಮುಂಚೆ, ಸದಸ್ಯರ ಸೊಸೈಟಿಗಳಲ್ಲಿರುವ ಹಳೆಯ ಮರಗಳನ್ನು ತಜ್ಞರೊಬ್ಬರೊಂದಿಗೆ ನೋಡಿ ಬರುವ ಕಾರ್ಯಕ್ರಮ ಇಟ್ಟುಕೊಂಡರೆ ಹೇಗೆ? ಗಟ್ಟಿಯಿರುವ ಮರ ಉಳಿಯುತ್ತದೆ, ನಿಜಕ್ಕೂ ಅಪಾಯವಿರುವ ಮರದ ಬಗ್ಗೆ ಸಕಾಲದಲ್ಲಿ ಅರ್ಜಿ ಹೋಗುತ್ತದೆ.

ನಮ್ಮ ಮಳೆಮರದ ಬುಡದಿಂದ ನಾಲ್ಕು ಅಡಿ ಸುತ್ತಳತೆಗೆ ಪೇವರ್ ಬ್ಲಾಕ್‌ಗಳನ್ನು ಎಬ್ಬಿಸಿ ತೆಗೆದದ್ದು ಅದೇ ಕಮಿಟಿ. ಎರಡು ಕಾರುಗಳ ಪಾರ್ಕಿಂಗ್ ಜಾಗ ಹೋಯಿತು, ಗೊಣಗಾಟ ಇನ್ನೂ ನಿಂತಿಲ್ಲ. ಸಂಜೆ ಎಲೆ ಮಡಚಿಕೊಂಡು ನಿಲ್ಲುವ ಆ ಮರದಡಿ ಗೊಣಗುವವರೂ ಬಂದು ಕುಳಿತುಕೊಳ್ಳುತ್ತಾರೆ. ಗೇಟಿನ ಆಚೆ ಬದಿ ಮಾತ್ರ ಬೋಳಾಗಿದೆ. ಅಲ್ಲೊಂದು ಹೊಂಗೆಯ ಸಸಿ ನೆಟ್ಟಿದ್ದೇವೆ, ಈ ಬಾರಿ ಸುತ್ತ ಮಣ್ಣು ಬಿಟ್ಟು.