ಐದು ಟನ್ನಿನ ಕ್ರೇನು ಒಂದು ಟನ್ನಿನದಾಗುವ ಬಗೆ

ಮನೆಯ ಕೈತೋಟದಲ್ಲಿ ಮಳೆ ಬಿಸಿಲುಗಳಿಗೆ ತೆರೆದ ಹಳಿ ಹಾಸಿ ಓಡಿಸುವ ಮಾದರಿ ರೈಲನ್ನು ತೋಟದ ರೈಲು ಎನ್ನುತ್ತಾರೆ. ಮೇಜಿನ ಮೇಲಿನ ಮಾದರಿಗಳಿಗಿಂತ ಗಾತ್ರದಲ್ಲಿ ದೊಡ್ಡದಾದ ಈ ರೈಲಿಗೆ ಬ್ರಿಟನ್ನಿನ ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣವೆಂದರೆ ನಿಜದ ಒಂದು ಅಡಿಗೆ ಮಾದರಿಯಲ್ಲಿ 16 ಮಿಲಿಮೀಟರ್, ಅಂದರೆ ಸುಮಾರು 1:19. ಈ ಪ್ರಮಾಣದ ಬುಡದಲ್ಲೇ ಒಂದು ಜಾಣ ಮರುಬಳಕೆ ಇದೆ. ಅಡಿಗೆ 7 ಮಿ.ಮೀ. (1:43.5) ಲೆಕ್ಕದ ‘ಓ’ ಗೇಜ್ ಎಂಬ ಚಿಕ್ಕ ಪ್ರಮಾಣದ ಮಾದರಿಗಳಿಗೆಂದು ತಯಾರಾದ 32 ಮಿ.ಮೀ. ಅಂತರದ ಹಳಿಗಳು ಅಲ್ಲಿ 4 ಅಡಿ 8½ ಅಂಗುಲದ ದೊಡ್ಡ ರೈಲುಮಾರ್ಗವನ್ನು ಪ್ರತಿನಿಧಿಸಿದರೆ, ಅದೇ ಹಳಿಯ ಮೇಲೆ ಅಡಿಗೆ 16 ಮಿ.ಮೀ.ನಂತೆ ಬಂಡಿಗಳನ್ನು ಕಟ್ಟಿದಾಗ ಆ ಅಂತರ ಸರಿಯಾಗಿ ಎರಡು ಅಡಿಯಾಗಿ, 1836ರಲ್ಲಿ ಆರಂಭವಾದ ವೇಲ್ಸಿನ ಫೆಸ್ಟಿನಿಯೋಗ್ ಮಾರ್ಗದಂಥ, ಭಾರತದ ಡಾರ್ಜಿಲಿಂಗ್ ಬೆಟ್ಟದ ಮಾರ್ಗದಂಥ ಕಿರುಹಳಿಯ ರೈಲು ಕಣ್ಣೆದುರು ನಿಲ್ಲುತ್ತದೆ. ಹಳಿ ಬದಲಾಗಿಲ್ಲ; ಅದನ್ನು ಓದುವ ಅಳತೆಗೋಲು ಬದಲಾಗಿದೆ. ಚಿಕ್ಕ ಪ್ರಮಾಣದ ಕ್ರೇನ್ ಕಿಟ್ಟೊಂದನ್ನು ತೋಟದ ರೈಲಿನ ಗೂಡ್ಸ್ ಯಾರ್ಡಿಗೆ ಹೊಂದಿಸುವ ಕೆಲಸವೂ ಇದೇ ತತ್ತ್ವದ ಮೇಲೆ ನಡೆಯುತ್ತದೆ.

ಬ್ರಿಟನ್ನಿನ ಸಣ್ಣ ನಿಲ್ದಾಣಗಳ ಗೂಡ್ಸ್ ಯಾರ್ಡುಗಳಲ್ಲಿ, ಅಂದರೆ ಸರಕನ್ನು ಏರಿಸಿ ಇಳಿಸುವ ಅಂಗಳಗಳಲ್ಲಿ, ಮರದ ದಿಮ್ಮಿ, ಕಲ್ಲಿನ ಚಪ್ಪಡಿ, ಯಂತ್ರದ ಭಾಗಗಳನ್ನು ವ್ಯಾಗನ್ನಿನಿಂದ ಕುದುರೆಗಾಡಿಗೆ ಸಾಗಿಸಲು ಕೈಯಿಂದ ತಿರುಗಿಸುವ ಕ್ರೇನು ನಿಂತಿರುತ್ತಿತ್ತು. ಅದರ ರಚನೆ ಸರಳ: ಕಲ್ಲಿನ ಕಟ್ಟೆಯಲ್ಲಿ ನೆಟ್ಟ ಕಬ್ಬಿಣದ ಕಂಬ, ಕಂಬದ ಬುಡದಿಂದ ಓರೆಯಾಗಿ ಮೇಲೇರುವ ತೋಳು, ಆ ತೋಳು ಮುಂದಕ್ಕೆ ಬೀಳದಂತೆ ಕಂಬದ ತಲೆಯಿಂದ ಅದರ ತುದಿಯನ್ನು ಎಳೆದು ಹಿಡಿಯುವ ಸರಳುಗಳು, ತುದಿಯಲ್ಲಿ ರಾಟೆ, ರಾಟೆಯ ಮೇಲಿಂದ ಇಳಿಯುವ ಸರಪಳಿ ಮತ್ತು ಕೊಕ್ಕೆ. ಹಿಡಿಕೆಯನ್ನು ತಿರುಗಿಸಿದಾಗ ಸಣ್ಣ ಹಲ್ಲುಗಾಲಿಯೊಂದು ದೊಡ್ಡದನ್ನು ತಿರುಗಿಸಿ, ಅದರ ಅಚ್ಚಿನಲ್ಲಿರುವ ಉರುಳೆ ಸರಪಳಿಯನ್ನು ನಿಧಾನವಾಗಿ ಸುತ್ತಿಕೊಳ್ಳುವುದರಿಂದ, ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆದಂತಾಗುತ್ತದೆ. ಕೈ ಬಿಟ್ಟರೂ ಹೊರೆ ಧುಮುಕದಂತೆ ಹಲ್ಲಿಗೆ ಸಿಕ್ಕಿಕೊಳ್ಳುವ ಒಂದು ತಡೆಗೊಂಡಿಯೂ, ಹೊರೆಯನ್ನು ಹದವಾಗಿ ಇಳಿಸಲು ಒಂದು ಬ್ರೇಕೂ ಇರುತ್ತವೆ.

ಅಂಥ ಐದು ಟನ್ ಸಾಮರ್ಥ್ಯದ, ಇಪ್ಪತ್ತು ಅಡಿ ತೋಳಿನ ಕ್ರೇನೊಂದರ ‘ಓ’ ಗೇಜ್ ಕಿಟ್ಟನ್ನು ಉದಾಹರಣೆಗೆ ತೆಗೆದುಕೊಂಡರೆ, ಅದರ ತೋಳು 140 ಮಿ.ಮೀ. ಉದ್ದವಿರುತ್ತದೆ. ಹದಿನಾರು ಮಿಲಿಮೀಟರಿನ ಲೋಕದಲ್ಲಿ ಇದು ಒಂಬತ್ತು ಅಡಿಗೂ ತುಸು ಕಡಿಮೆ. ಕ್ರೇನು ಸುಮಾರು 2.3 ಪಟ್ಟು ಕುಗ್ಗಿದಂತಾಯಿತು. ಇದನ್ನು ಕೊರತೆಯೆಂದು ಭಾವಿಸಿ ಭಾಗಗಳನ್ನೆಲ್ಲ ಹಿಗ್ಗಿಸಲು ಹೊರಡುವುದು ವ್ಯರ್ಥ ಶ್ರಮ; ಕಿರುಹಳಿಯ ಯಾರ್ಡಿಗೆ ಕಿರಿದಾದ ಕ್ರೇನೇ ಒಪ್ಪುತ್ತದೆ. ಆದರೆ ಅದರ ಹೊರುವ ಶಕ್ತಿ ಎಷ್ಟೆಂಬುದನ್ನು ಮಾತ್ರ ಲೆಕ್ಕ ಹಾಕಲೇಬೇಕು. ಲೋಹದ ತೋಳೊಂದು ತಾಳಬಲ್ಲ ಹೊರೆಯನ್ನು ಅದರ ಅಡ್ಡಕೊಯ್ತದ ವಿಸ್ತೀರ್ಣ ನಿರ್ಧರಿಸುತ್ತದೆ, ವಿಸ್ತೀರ್ಣವು ಉದ್ದದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಆದ್ದರಿಂದ ಎಲ್ಲ ಅಳತೆಗಳೂ 2.3 ಪಟ್ಟು ಇಳಿದಾಗ ಸಾಮರ್ಥ್ಯ ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಐದು ಟನ್ನಿನ ಕ್ರೇನು ಹೀಗೆ ಒಂದು ಟನ್ನಿನದಾಗುತ್ತದೆ. ಗಾತ್ರ ಮತ್ತು ಬಲಗಳ ಈ ಸಂಬಂಧವನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಪ್ರಾಣಿಗಳ ಮೂಳೆಗಳನ್ನೂ ಉದಾಹರಿಸಿ ವಿವರಿಸಿದ್ದ. ಕಿಟ್ಟಿನೊಡನೆ ಬರುವ ‘5 ಟನ್’ ಎಂಬ ಫಲಕವನ್ನು ಹಾಗೆಯೇ ಅಂಟಿಸಿದರೆ, ಉಳಿದ ಕೆಲಸ ಎಷ್ಟೇ ನಾಜೂಕಾಗಿದ್ದರೂ ಅದು ಸುಳ್ಳು ಹೇಳುವ ಯಂತ್ರವಾಗಿಬಿಡುತ್ತದೆ.

ಕ್ರೇನು ಕುಗ್ಗಬಹುದು, ಅದನ್ನು ತಿರುಗಿಸುವ ಆಳು ಕುಗ್ಗುವುದಿಲ್ಲ. ಹೊಂದಾಣಿಕೆಯ ನಿಜವಾದ ಕೆಲಸ ಇರುವುದು ಇಲ್ಲಿಯೇ. ಐದು ಅಡಿ ಎಂಟು ಅಂಗುಲದ ಆಳು ಒಂದು ಪ್ರಮಾಣದಲ್ಲಿ 40 ಮಿ.ಮೀ., ಇನ್ನೊಂದರಲ್ಲಿ 91 ಮಿ.ಮೀ. ಎತ್ತರವಿರುತ್ತಾನೆ. ನೆಲದಿಂದ ಮೂರು ಅಡಿ ಎತ್ತರದಲ್ಲಿರಬೇಕಾದ ಹಿಡಿಕೆಯ ಅಚ್ಚು ಕಿಟ್ಟಿನಲ್ಲಿ 21 ಮಿ.ಮೀ. ಎತ್ತರದಲ್ಲಿದ್ದು, ಹೊಸ ಆಳಿನ ಮೊಣಕಾಲಿಗಿಂತಲೂ ಕೆಳಗೆ ಬೀಳುತ್ತದೆ. ಆದ್ದರಿಂದ ಇಡೀ ಕ್ರೇನನ್ನು 27 ಮಿ.ಮೀ. ಎತ್ತರದ ದುಂಡು ಕಟ್ಟೆಯ ಮೇಲೇರಿಸಿದರೆ ಅಚ್ಚು 48 ಮಿ.ಮೀ.ಗೆ, ಅಂದರೆ ಆಳಿನ ಸೊಂಟದ ಮಟ್ಟಕ್ಕೆ ಬರುತ್ತದೆ. ಹಿಡಿಕೆಯ ಬಾಗಿದ ತೋಳು ಹದಿನಾರು ಅಂಗುಲದ್ದೆಂದು ಹಿಡಿದರೆ ಅದು 9 ಮಿ.ಮೀ.ನಿಂದ 21 ಮಿ.ಮೀ.ಗೆ ಬೆಳೆಯಬೇಕು, ಹಿತ್ತಾಳೆಯ ತಂತಿಯನ್ನು ಬಗ್ಗಿಸಿ ಇದನ್ನು ಹೊಸದಾಗಿ ಮಾಡಿಕೊಳ್ಳುವುದೇ ಲೇಸು. ಉದ್ದವಾದ ಹಿಡಿಕೆ ಸುತ್ತುವಾಗ ಕಟ್ಟೆಗೆ ತಗಲದಂತೆ ಅಚ್ಚನ್ನೂ ಎರಡೂ ಕಡೆ ಹೊರಕ್ಕೆ ಚಾಚಬೇಕಾಗುತ್ತದೆ. ಕಿಟ್ಟಿನ ಇಟ್ಟಿಗೆಯ ಬುಡವನ್ನು ನಿರ್ದಾಕ್ಷಿಣ್ಯವಾಗಿ ಬಿಡಬೇಕು, ಏಕೆಂದರೆ ಇಟ್ಟಿಗೆಯೂ ಮನುಷ್ಯನ ಕೈಯ ಅಳತೆಯ ವಸ್ತು: ಗಾರೆಯೂ ಸೇರಿ ಮೂರು ಅಂಗುಲವಿರುವ ಒಂದು ವರಸೆ 4 ಮಿ.ಮೀ. ಕಾಣಿಸಬೇಕಾದಲ್ಲಿ ಕಿಟ್ಟಿನಲ್ಲಿ 1.75 ಮಿ.ಮೀ. ಮಾತ್ರ ಇರುತ್ತದೆ. ಹಲ್ಲುಗಾಲಿ, ರಾಟೆ, ರಿವೆಟ್, ಎಳೆಸರಳುಗಳಿಗೆ ಈ ತೊಡಕಿಲ್ಲ. ಅವು ಹೊರೆಯ ಅಳತೆಗೆ ತಕ್ಕವಾದ್ದರಿಂದ, ಹೊರೆ ಕಡಿಮೆಯಾದಾಗ ಅವು ಸಣ್ಣದಾಗಿ ಕಾಣುವುದೇ ಸಹಜ.

ಕ್ರೇನನ್ನು ನಿಲ್ಲಿಸುವ ಜಾಗವನ್ನು ತೋಳೇ ಸೂಚಿಸುತ್ತದೆ. 140 ಮಿ.ಮೀ. ತೋಳು 45 ಡಿಗ್ರಿ ಓರೆಯಲ್ಲಿದ್ದಾಗ ಅದರ ತುದಿ ಬುಡದಿಂದ 99 ಮಿ.ಮೀ. ಮುಂದಕ್ಕೂ ಅಷ್ಟೇ ಮೇಲಕ್ಕೂ ಇರುವುದರಿಂದ, ಹಳಿಯ ನಡುವಿನಿಂದ ಸುಮಾರು ಅಷ್ಟೇ ದೂರದಲ್ಲಿ ಕಂಬವನ್ನು ನೆಟ್ಟರೆ ಕೊಕ್ಕೆ ವ್ಯಾಗನ್ನಿನ ನಟ್ಟನಡುವೆ ಇಳಿಯುತ್ತದೆ, ಹಾದುಹೋಗುವ ಬಂಡಿಗಳಿಗೆ ಕಟ್ಟೆಯೂ ಅಡ್ಡಬರುವುದಿಲ್ಲ. ಕಟ್ಟೆಯ ಎತ್ತರ ಸೇರಿ ತೋಳಿನ ತುದಿ ನೆಲದಿಂದ 126 ಮಿ.ಮೀ. ಆಸುಪಾಸಿನಲ್ಲಿ ನಿಂತು, ವ್ಯಾಗನ್ನಿನ ತಳದ ಎತ್ತರ, ಕೊಕ್ಕೆ ಮತ್ತು ಕಟ್ಟುಸರಪಳಿಗಳನ್ನು ಕಳೆದರೆ ಹೊರೆಗೆಂದು ಸುಮಾರು 60 ಮಿ.ಮೀ. ಉಳಿಯುತ್ತದೆ.

ಮನೆಯೊಳಗಿನ ಮಾದರಿಗೆಂದು ರೂಪಿಸಿದ ಕಿಟ್ಟು ಹವಾಮಾನಕ್ಕೆ ಸಿದ್ಧವಾಗಿರುವುದಿಲ್ಲ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕು ಬಿಸಿಲಿನ ಅತಿನೇರಳೆ ಕಿರಣಗಳಿಗೆ ವರ್ಷಗಳಲ್ಲಿ ಪೆಡಸಾಗುತ್ತದೆ. ತವರ ಪ್ರಧಾನವಾದ ಬಿಳಿಲೋಹದ ಅಚ್ಚುಗಳು ಮಳೆಯನ್ನು ತಾಳಿಕೊಂಡರೂ ಮೆದುವಾದ್ದರಿಂದ, ತೋಳಿನ ಮೇಲೆ ಹಕ್ಕಿಯೊಂದು ಬಂದು ಕುಳಿತರೂ ಬಾಗುತ್ತವೆ. ತೋಳನ್ನು ಹಿತ್ತಾಳೆಯ ಪಟ್ಟಿಯಿಂದ ಬಲಪಡಿಸುವುದು, ಕೀಲುಗಳನ್ನು ಸೂಪರ್ ಗ್ಲೂವಿಗೆ ಒಪ್ಪಿಸದೆ ಹಿತ್ತಾಳೆಯ ಮೊಳೆ ಸೇರಿಸಿ ಎಪಾಕ್ಸಿಯಿಂದ ಕೂಡಿಸುವುದು, ದಾರದ ಬದಲು ಲೋಹದ ಸರಪಳಿ ಹಾಕುವುದು ಅಗತ್ಯ. ಟೊಳ್ಳು ಕಟ್ಟೆಯ ತಳದಲ್ಲಿ ನೀರು ಹರಿದುಹೋಗಲು ತೂತಿರಬೇಕು. ಕಂಬದ ಕೆಳಗಿನಿಂದ ತಿರುಪಿನ ಸರಳೊಂದನ್ನು ಇಳಿಸಿ ನಟ್ಟಿನಿಂದ ಬಿಗಿದರೆ, ಚಳಿಗಾಲದಲ್ಲಿ ಕ್ರೇನನ್ನು ಬಿಚ್ಚಿ ಒಳಗಿಡಲೂ ಅನುಕೂಲ.

ಕೊನೆಯ ತೊಡಕು ತೂಕದ್ದು. ಉದ್ದ ಹತ್ತೊಂಬತ್ತು ಪಟ್ಟು ಇಳಿದಾಗ ತೂಕ ಅದರ ಘನದಷ್ಟು, ಸುಮಾರು 6,900 ಪಟ್ಟು ಇಳಿಯುವುದರಿಂದ, ನಿಜದಲ್ಲಿ ಇಪ್ಪತ್ತು ಕಿಲೋ ತೂಗುವ ಕೊಕ್ಕೆ ಮಾದರಿಯಲ್ಲಿ ಮೂರು ಗ್ರಾಂ ಕೂಡ ತೂಗದು. ರಾಟೆಯ ಘರ್ಷಣೆಯನ್ನು ಮೀರಿ ಸರಪಳಿಯನ್ನು ನೆಟ್ಟಗೆ ಎಳೆಯಲು ಅದಕ್ಕೆ ಆಗದೆ, ಸರಪಳಿ ಡೊಂಕಾಗಿ ತೂಗಾಡುತ್ತದೆ. ಕೊಕ್ಕೆಯ ಗುಂಡಿನೊಳಗೆ ಸೀಸದ ತುಣುಕೊಂದನ್ನು ಅಡಗಿಸುವುದು ಒಂದು ಉಪಾಯವಾದರೆ, ನಿಜವಾದ ಹೊರೆಯನ್ನೇ ಕಟ್ಟುವುದು ಅದಕ್ಕಿಂತ ಚೆಲುವಾದ ಉಪಾಯ. ಒಂದು ಟನ್ ತೂಗುವ ಕಲ್ಲಿನ ಘನವನ್ನು ಈ ಪ್ರಮಾಣಕ್ಕೆ ಇಳಿಸಿದರೆ ಬದಿಯೊಂದು ಸುಮಾರು 39 ಮಿ.ಮೀ. ಇರುತ್ತದೆ, ಅದು ಉಳಿದ 60 ಮಿ.ಮೀ. ತೆರಪಿನಲ್ಲಿ ಸಲೀಸಾಗಿ ಹಿಡಿಸುತ್ತದೆ ಮತ್ತು ನಿಜವಾದ ಕಲ್ಲಿನಿಂದಲೇ ಕಡೆದಾಗ ಸುಮಾರು 150 ಗ್ರಾಂ ತೂಗಿ, ಸರಪಳಿಯ ಒಂದೊಂದು ಕೊಂಡಿಯನ್ನೂ ಬಿಗಿಯಾಗಿ ಎಳೆದು ನಿಲ್ಲಿಸುತ್ತದೆ.