ಉಸಿರಿನ ದಾರಿಯಲ್ಲಿ ಕಾಣದ ಶತ್ರು



ಲಾರಿಯೊಂದು ಕಪ್ಪು ಹೊಗೆ ಉಗುಳುತ್ತಾ ಹೋದರೆ ಕೂಡಲೇ ಮೂಗಿಗೆ ಕರವಸ್ತ್ರ ಹಿಡಿಯುತ್ತೀರಿ. ಆದರೆ ಹೆಚ್ಚು ಅಪಾಯಕಾರಿಯಾದ ಕಣಗಳು ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಬಟ್ಟೆಯ ಎಳೆಗಳ ಸಂದಿನಲ್ಲಿ ಅವು ಸುಲಭವಾಗಿ ನುಸುಳುತ್ತವೆ. ಇವುಗಳ ವ್ಯಾಸ 2.5 ಮೈಕ್ರೋಮೀಟರ್ ಅಥವಾ ಅದಕ್ಕೂ ಕಡಿಮೆ. ಆದ್ದರಿಂದಲೇ ಇವಕ್ಕೆ ‘ಪಿ.ಎಂ. 2.5’ ಎಂಬ ಹೆಸರು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಅಂದರೆ ಒಂದು ಕೂದಲಿನ ಅಗಲದಲ್ಲಿ ಇಂಥ 28 ಕಣಗಳನ್ನು ಸಾಲಾಗಿ ಇಡಬಹುದು. ಡೀಸೆಲ್, ಸೌದೆ, ಕಲ್ಲಿದ್ದಲು, ಕಸ ಯಾವುದನ್ನು ಸುಟ್ಟರೂ ಇವು ಹುಟ್ಟುತ್ತವೆ.

ದಪ್ಪ ಧೂಳಿಗೆ ನಮ್ಮ ದೇಹದಲ್ಲಿ ಒಳ್ಳೆಯ ಕಾವಲಿದೆ. ಮೂಗಿನ ರೋಮ ಮತ್ತು ಶ್ವಾಸನಾಳದ ಲೋಳೆ ಅದನ್ನು ಹಿಡಿದಿಡುತ್ತವೆ. ನಾಳದ ಒಳಮೈಯಲ್ಲಿರುವ ಲೋಮಾಂಗಗಳೆಂಬ ಸಣ್ಣ ಎಳೆಗಳು ಆ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. ಆದರೆ ಸೂಕ್ಷ್ಮ ಕಣಗಳಲ್ಲಿ ಹಲವು ಈ ಕಾವಲನ್ನು ದಾಟಿ, ಶ್ವಾಸಕೋಶದ ತುದಿಯಲ್ಲಿರುವ ಗಾಳಿಗೂಡುಗಳನ್ನು ಸೇರುತ್ತವೆ. ಅಲ್ಲಿ ಲೋಮಾಂಗಗಳಿಲ್ಲ. ಆಮ್ಲಜನಕ ರಕ್ತಕ್ಕೆ ಇಳಿಯಬೇಕಾದ್ದರಿಂದ ಗೋಡೆಯೂ ಬಹಳ ತೆಳು.

ಇಲ್ಲಿ ಶುಚಿ ಮಾಡುವ ಕೆಲಸ ಭಕ್ಷಕ ಕೋಶಗಳದು. ಅವು ರೋಗಾಣುಗಳನ್ನು ನುಂಗಿ ಜೀರ್ಣಿಸಿಕೊಳ್ಳುತ್ತವೆ. ಹಾಗೆಯೇ ಕಣಗಳನ್ನೂ ನುಂಗುತ್ತವೆ. ಆದರೆ ಮಸಿ ಜೀರ್ಣವಾಗುವ ವಸ್ತುವಲ್ಲ! ಅದಕ್ಕೆ ಅಂಟಿಕೊಂಡ ಕಬ್ಬಿಣ, ತಾಮ್ರದಂಥ ಲೋಹಗಳು ಜೀವಕೋಶದೊಳಗೆ ಅತಿ ಚುರುಕಾದ ಆಮ್ಲಜನಕ ಸಂಯುಕ್ತಗಳನ್ನು ಹುಟ್ಟಿಸುತ್ತವೆ. ಜೀವಕೋಶದಲ್ಲಿ ಇವನ್ನು ತಣಿಸುವ ಗ್ಲುಟಾಥಯೋನ್‌ನಂಥ ವಸ್ತುಗಳಿವೆ. ಅವು ಸಾಲದೆ ಹೋದಾಗ ಕೋಶಪೊರೆ, ಮೈಟೊಕಾಂಡ್ರಿಯ, ಕೊನೆಗೆ ಡಿ.ಎನ್.ಎ. ಕೂಡ ಘಾಸಿಗೊಳ್ಳುತ್ತದೆ. ಘಾಸಿಗೊಂಡ ಕೋಶಗಳು ರಾಸಾಯನಿಕ ಸಂಕೇತ ಕಳುಹಿಸುತ್ತವೆ. ಬಿಳಿ ರಕ್ತಕಣಗಳು ಧಾವಿಸಿ ಬರುತ್ತವೆ. ಇದೇ ಉರಿಯೂತ. ದಿನವೂ ಕಣಗಳು ಬರುತ್ತಲೇ ಇದ್ದರೆ ಉರಿಯೂತ ಆರುವುದೇ ಇಲ್ಲ; ರಕ್ಷಣೆಗೆಂದು ನಡೆದ ಹೋರಾಟವೇ ಶ್ವಾಸಕೋಶವನ್ನು ಸವೆಸುತ್ತದೆ. ಗಾಳಿಯಲ್ಲಿನ ಕಣ ಮಾಲಿನ್ಯವು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಘೋಷಿಸಿತು.

ಇದರಲ್ಲಿ ನಿಮಗೆ ಸಂಬಂಧಿಸಿದ್ದೇನು? ನಿಮ್ಮ ವಯಸ್ಸಿನಲ್ಲಿ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು 10ರಿಂದ 18ನೆಯ ವಯಸ್ಸಿನವರೆಗೆ ಪರೀಕ್ಷಿಸಿದ ವಿಜ್ಞಾನಿಗಳು, ಮಲಿನ ಗಾಳಿಯ ಊರುಗಳಲ್ಲಿ ಈ ಬೆಳವಣಿಗೆ ಕುಂಠಿತವಾಗಿದ್ದುದನ್ನು 2004ರಲ್ಲಿ ಪ್ರಕಟಿಸಿದರು.

ಸಮಾಧಾನದ ಸಂಗತಿಯೂ ಇದೆ. ಅದೇ ಪ್ರದೇಶದಲ್ಲಿ ಬಿಗಿಯಾದ ನಿಯಮಗಳಿಂದ ಗಾಳಿ ಶುದ್ಧವಾಗುತ್ತಾ ಬಂತು. 15ನೆಯ ವಯಸ್ಸಿಗೆ ಶ್ವಾಸಕೋಶದ ಸಾಮರ್ಥ್ಯ ತೀರಾ ಕಡಿಮೆಯಿದ್ದವರ ಪ್ರಮಾಣ 1994–98ರ ತಂಡದಲ್ಲಿ ಶೇ. 7.9 ಇದ್ದದ್ದು, 2007–11ರ ತಂಡದಲ್ಲಿ ಶೇ. 3.6ಕ್ಕೆ ಇಳಿಯಿತು.

ಪಿ.ಎಂ. 2.5ರ ವಾರ್ಷಿಕ ಸರಾಸರಿ ಘನಮೀಟರ್ ಗಾಳಿಗೆ 40 ಮೈಕ್ರೋಗ್ರಾಂ ಮೀರಬಾರದೆಂದು ಭಾರತ 2009ರಲ್ಲಿ ನಿಗದಿಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5. ಈ ಅಂತರ ಎಷ್ಟು ದೊಡ್ಡದೆಂದು ನೀವೇ ಲೆಕ್ಕ ಹಾಕಿ. ನಿಮ್ಮ ಬೀದಿಯಲ್ಲಿ, ಶಾಲೆಯ ಅಂಗಳದಲ್ಲಿ ಕಸ ಸುಡುವುದನ್ನು ನಿಲ್ಲಿಸುವುದು ಈ ಅಂತರ ತಗ್ಗಿಸುವ ಮೊದಲ ಹೆಜ್ಜೆಯಾಗಲಿ.